ಗುಜರಿಗೆ ಹೋಗುವ ಮೊದಲು ಒಂದು ಸೂರು ಕೊಡಿ

ದಕ್ಷಿಣ ಕನ್ನಡ ಮತ್ತು ಉಡುಪಿಯ ಜಿಲ್ಲಾಧಿಕಾರಿಗಳಿಗೆ, ಮಂಗಳೂರು ಮಹಾನಗರ ಪಾಲಿಕೆಗೆ, ಉಡುಪಿ ನಗರಸಭೆಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. 1960ರಿಂದ 1995ರ ತನಕ ನಮ್ಮ ಕರಾವಳಿಯ ಸಾಧಾರಣ ಮನೆಗಳಲ್ಲಿ ಬಳಸಿದ ಕಾರು, ಸ್ಕೂಟರ್, ರೇಡಿಯೋ, ಸ್ಟವ್, ಮಿಕ್ಸಿ, ಟೇಪ್ ರೆಕಾರ್ಡರ್ ಇಡಲು ಒಂದು ಸೂರು ಬೇಕು. ಹಳೆಯ ಸರ್ಕಾರಿ ಕಟ್ಟಡದ ಒಂದು ಭಾಗ ಸಾಕು. ಆ ವಸ್ತುಗಳನ್ನು ಇನ್ನೂ ನಡೆಸಬಲ್ಲ, ರಿಪೇರಿ ಮಾಡಬಲ್ಲ ಹಿರಿಯರು ನಮ್ಮ ಮಧ್ಯೆ ಇರುವಾಗಲೇ ಅದು ಆಗಬೇಕು. ಅದನ್ನು ಕೇಳಲಿಕ್ಕೇ ಈ ಪತ್ರ.

ಕದ್ರಿ, ಬಿಜೈ, ಮಣ್ಣಗುಡ್ಡೆ, ಉಡುಪಿಯ ಕುಂಜಿಬೆಟ್ಟು, ಎಲ್ಲಿ ನೋಡಿದರೂ ಹಂಚಿನ ಮನೆ ಕೆಡವಿ ಫ್ಲ್ಯಾಟ್ ಕಟ್ಟುತ್ತಿದ್ದಾರೆ. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಆಸ್ತಿ ಪಾಲಾಗುತ್ತದೆ, ಮಕ್ಕಳು ಬೆಂಗಳೂರಿನಿಂದಲೋ ದುಬೈಯಿಂದಲೋ ಒಂದು ವಾರದ ರಜೆ ಹಾಕಿ ಬರುತ್ತಾರೆ, ಅಷ್ಟರೊಳಗೆ ಮನೆ ಖಾಲಿ ಆಗಬೇಕು. ಚಿನ್ನ, ಕಾಗದಪತ್ರ, ದೇವರ ಮೂರ್ತಿ ಮೊದಲು ಹಂಚಿಕೆಯಾಗುತ್ತವೆ. ತಾಮ್ರದ ಹಂಡೆಗೆ, ತೇಗದ ಮಂಚಕ್ಕೆ ಆ್ಯಂಟಿಕ್ ವ್ಯಾಪಾರಿ ಹುಡುಕಿಕೊಂಡು ಬರುತ್ತಾನೆ. ಅಟ್ಟದ ಮೇಲೆ ಉಳಿದದ್ದಕ್ಕೆ ಗುಜರಿಯವರಿಗೆ ಫೋನ್ ಹೋಗುತ್ತದೆ. ಅವರು ತಕ್ಕಡಿ ತಂದು ತೂಗುತ್ತಾರೆ. ಕಬ್ಬಿಣಕ್ಕೆ ಒಂದು ದರ, ಅಲ್ಯೂಮಿನಿಯಂಗೆ ಒಂದು ದರ. ಬೇಕಲೈಟ್ ಎನ್ನುವ ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಕವಚದ ರೇಡಿಯೋ ಮುಂದಿಟ್ಟರೆ, ಇದಕ್ಕೆ ಏನೂ ಸಿಗುವುದಿಲ್ಲ, ಒಳಗಿನ ತಾಮ್ರದ ತಂತಿಗೆ ಮಾತ್ರ ಕಾಸು ಎನ್ನುತ್ತಾರೆ. ಅಲ್ಲೇ ಅಂಗಳದಲ್ಲಿ ಅದನ್ನು ಒಡೆದು ತಂತಿ ತೆಗೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮಲ್ಲಿ ವಸ್ತು ಸಂಗ್ರಹಾಲಯಗಳು ಇಲ್ಲವೇ ಎಂದು ನೀವು ಕೇಳಬಹುದು. ಇವೆ, ಒಳ್ಳೆಯವೇ ಇವೆ. ಬಿಜೈಯಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ಸಂಗ್ರಹಾಲಯ ಇದೆ. ಸೇಂಟ್ ಅಲೋಶಿಯಸ್‌ನ ಅಲೋಶಿಯಂನಲ್ಲಿ ಮಂಗಳೂರಿನ ಮೊದಲ ಕಾರು ಎಂದು ಹೇಳುವ ಡಿ ಡಿಯೋನ್ ಇದೆ. ಧರ್ಮಸ್ಥಳದ ಕಾರು ಸಂಗ್ರಹವನ್ನು ನೋಡದವರು ಕಡಿಮೆ. ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ತುಳುನಾಡಿನ ಬದುಕಿನ ವಸ್ತುಗಳನ್ನು ಪ್ರೀತಿಯಿಂದ ಕೂಡಿಸಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಅವರೊಬ್ಬರು ಇರದಿದ್ದರೆ ಆ ಮನೆಗಳ ಕಂಬಗಳು ಯಾವ್ಯಾವ ಹೋಟೆಲಿನ ಅಲಂಕಾರಕ್ಕೆ ಹೋಗುತ್ತಿದ್ದವೋ.

ಆದರೆ ಇಲ್ಲೆಲ್ಲ ನಾವು ಹೆಚ್ಚಾಗಿ ನೋಡುವುದು ನಮ್ಮ ಅಜ್ಜಂದಿರ ಕಾಲ. ಅಕ್ಕಿ ಮುಡಿ, ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಅಕ್ಕಿ ಅಳೆಯುವ ಕಳಸಿಗೆ, ಕಂಚಿನ ದೀಪ. ಕಾರಾದರೆ ಸಿರಿವಂತರ ಕಾರು. ನಮ್ಮ ಅಪ್ಪ ಅಮ್ಮ ದುಡ್ಡು ಕೂಡಿಸಿ ಕೂಡಿಸಿ ತಂದ ತಗಡು, ಸ್ಟೀಲು, ಪ್ಲಾಸ್ಟಿಕ್ಕಿನ ಸಾಮಾನಿಗೆ ಅಲ್ಲಿ ಜಾಗ ಕಾಣುವುದು ಕಡಿಮೆ. ಅಪ್ಪನ ರೇಡಿಯೋ ಕೊಡಲು ನಾನು ಒಂದು ಸರ್ಕಾರಿ ಕಚೇರಿಯಲ್ಲಿ ವಿಚಾರಿಸಿದ್ದೆ. "ಇದು ಪುರಾತನ ವಸ್ತು ಆಗುವುದಿಲ್ಲ" ಎಂದರು. ಕಾನೂನಿನ ಪ್ರಕಾರ ಅವರ ಮಾತು ಸರಿಯೇ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಒಂದು ವಸ್ತುವಿಗೆ ಕನಿಷ್ಠ 100 ವರ್ಷ ಆಗಿರಬೇಕು, ಹಸ್ತಪ್ರತಿಗಾದರೆ 75. ನಮ್ಮ ಮನೆಯ ರೇಡಿಯೋ 1968ರದ್ದು. 2068ರ ತನಕ ಅದು ಯಾರ ಅಟ್ಟದಲ್ಲಿ ಕುಳಿತಿರಬೇಕು ಹೇಳಿ? ಮಳೆಗಾಲದ ನಾಲ್ಕು ತಿಂಗಳು ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ನಮ್ಮದು.

ಕಾರಿನ ಮಾತಿಗೆ ಬರುತ್ತೇನೆ. ನನ್ನ ಮಾವ ಉಡುಪಿಯಿಂದ ಹೆಬ್ರಿ ಕಡೆಗೆ ಅಂಬಾಸಿಡರ್‌ನಲ್ಲಿ ಸರ್ವಿಸ್ ಓಡಿಸುತ್ತಿದ್ದರು. ಈಗಿನ ಮಕ್ಕಳಿಗೆ ಸರ್ವಿಸ್ ಕಾರು ಎಂದರೆ ಗೊತ್ತಿಲ್ಲ. ಬಸ್ಸು ಕಡಿಮೆ ಇದ್ದ ದಾರಿಯಲ್ಲಿ ತಲೆಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಜನ ತುಂಬಿಸಿ ಹೋಗುವ ಕಾರು. ಗೇರ್ ಲಿವರ್ ಸ್ಟಿಯರಿಂಗ್ ಪಕ್ಕ ಇದ್ದದ್ದರಿಂದ ಮುಂದಿನ ಉದ್ದ ಸೀಟಿನಲ್ಲೇ ನಾಲ್ಕು ಜನ. ಡ್ರೈವರ್ ಬಾಗಿಲಿಗೆ ಒತ್ತಿಕೊಂಡು ಓರೆಯಾಗಿ ಕುಳಿತು ಓಡಿಸಬೇಕು. ಹಿಂದೆ ಎಷ್ಟು ಜನ ಎಂದು ಲೆಕ್ಕ ಇಟ್ಟವರಿಲ್ಲ. ಡಿಕ್ಕಿಯಲ್ಲಿ ಬಾಳೆಗೊನೆ, ಅಡಿಕೆ ಮೂಟೆ, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿ. ಹೆರಿಗೆ ನೋವು ಬಂದವರು ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದರು, ಮದುಮಗಳು ಅದೇ ಕಾರಿನಲ್ಲಿ ಗಂಡನ ಮನೆಗೆ ಹೋದಳು. ಯಕ್ಷಗಾನದ ಟೆಂಟ್ ಮೇಳ ಊರಿಗೆ ಬಂದರೆ ಮೇಲೆ ಮೈಕ್ ಕಟ್ಟಿಕೊಂಡು, "ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ" ಎಂದು ಬಣ್ಣದ ನೋಟಿಸು ಹಾರಿಸುತ್ತಾ ಹೋಗುತ್ತಿದ್ದದ್ದೂ ಹೆಚ್ಚಾಗಿ ಅಂಥದೇ ಒಂದು ಕಾರು. ಅದರ ಹಿಂದೆ ಓಡಿದವರು ನಿಮ್ಮ ಕಚೇರಿಗಳಲ್ಲೂ ಇರಬಹುದು.

ಆಟಿ ತಿಂಗಳ ಬೆಳಗ್ಗೆ ಆ ಕಾರು ಸ್ಟಾರ್ಟ್ ಆಗುವುದೆಂದರೆ ದೊಡ್ಡ ಕೆಲಸ. ರಾತ್ರಿಯಿಡೀ ಹೊಡೆದ ಮಳೆಯ ತೇವ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಕೂರುತ್ತಿತ್ತು. ಮಾವ ಬಾನೆಟ್ ಎತ್ತಿ, ಎರಡು ಕ್ಲಿಪ್ ಸರಿಸಿ, ಕಪ್ಪು ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒಳಗೆಲ್ಲ ಒರೆಸುತ್ತಿದ್ದರು. ಪಾಯಿಂಟಿಗೆ ಪಾಲಿಶ್ ಪೇಪರಿನ ಚೂರು ತಿಕ್ಕಿ, ಉಫ್ ಎಂದು ಊದಿ, ಮುಚ್ಚಳ ಹಾಕಿ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಕೊಡೆ ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸ ನನ್ನದು. ವೈರು ಹಾಕುವ ಕ್ರಮ 1-3-4-2. ಮಗ್ಗಿಯ ಹಾಗೆ ಅದು ನನಗೆ ಬಾಯಿಪಾಠ ಆಗಿತ್ತು. ಚೋಕ್ ಎಳೆದು ಸ್ಟಾರ್ಟರ್ ಕೊಟ್ಟಾಗ ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹಿಡಿದರೆ, ಕಾಯುತ್ತಿದ್ದ ಪ್ಯಾಸೆಂಜರ್‌ಗಳ ಮುಖವೂ ಅರಳುತ್ತಿತ್ತು. ಬೇಸಿಗೆಯಲ್ಲಿ ಆಗುಂಬೆ ಘಾಟಿ ಹತ್ತುವಾಗ ಇನ್ನೊಂದು ತೊಂದರೆ. 14 ಹೇರ್‌ಪಿನ್ ತಿರುವು. ಅರ್ಧಕ್ಕೆ ಬಂದಾಗ ಪೆಟ್ರೋಲ್ ಪಂಪ್ ಬಿಸಿಯಾಗಿ, ಒಳಗೆ ಪೆಟ್ರೋಲ್ ಆವಿಯಾಗಿ, ಇಂಜಿನ್ ನಿಂತೇ ಹೋಗುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಎಲ್ಲರೂ ಇಳಿದು ಕಾಡು ನೋಡುತ್ತಾ ನಿಲ್ಲುತ್ತಿದ್ದರು. ಮಂಗಗಳು ಬರುತ್ತಿದ್ದವು. ಯಾರಿಗೂ ಅವಸರ ಇರಲಿಲ್ಲ.

ಉಪ್ಪುಗಾಳಿಯ ವಿಷಯವನ್ನೂ ಹೇಳಬೇಕು. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಕಾರಿನ ತಳ ಬೇಗ ತುಕ್ಕು ಹಿಡಿಯುತ್ತದೆ. ಮಳೆಗಾಲದ ಮೊದಲು ಕಾರಿನ ಅಡಿಗೆ ನುಗ್ಗಿ ಸುಟ್ಟ ಆಯಿಲ್ ಬಳಿಯುವುದು ಇಲ್ಲಿನ ರೂಢಿ. ಬಯಲುಸೀಮೆಯಲ್ಲಿ ಉಳಿದಷ್ಟು ಹಳೆಯ ಕಾರು ನಮ್ಮಲ್ಲಿ ಉಳಿಯುವುದಿಲ್ಲ. ಇಲ್ಲಿ ಉಳಿದಿದ್ದರೆ ಯಾರೋ ಒಬ್ಬರು ವರ್ಷಾವರ್ಷ ಮೈಮುರಿದು ಉಳಿಸಿದ್ದಾರೆ ಎಂದೇ ಅರ್ಥ.

ಅಂಥವರಿಗೆ ಈಗ ನಿಯಮಗಳು ಕಷ್ಟ ಕೊಡುತ್ತಿವೆ. 15 ವರ್ಷ ದಾಟಿದ ಕಾರಿನ ಮರುನೋಂದಣಿಗೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000 ಎಂದಾಯಿತು. ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬೇರೆ ನಿಯಮ ಬಂದಿದೆ, ಒಳ್ಳೆಯ ನಿಯಮವೇ. ಆದರೆ ಅದಕ್ಕೆ ವಾಹನಕ್ಕೆ 50 ವರ್ಷ ಆಗಿರಬೇಕು. ಮಾರುತಿ 800 ಮೊದಲು ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಮಾಸ್ತರರೊಬ್ಬರು 1985ರಲ್ಲಿ ಕೊಂಡ ಮಾರುತಿ ವಿಂಟೇಜ್ ಆಗುವುದು 2035ಕ್ಕೆ. 1989ರ ಪ್ರೀಮಿಯರ್ ಪದ್ಮಿನಿಗೆ 2039. ಈ ಮಧ್ಯದ ವರ್ಷಗಳಲ್ಲೇ ಅವು ಗುಜರಿಗೆ ಹೋಗುವುದು. ಈ ನಿಯಮಗಳು ಕೇಂದ್ರ ಸರ್ಕಾರದವು, ನಿಮ್ಮ ಕೈಯಲ್ಲಿಲ್ಲ ಎಂದು ಗೊತ್ತು. ಆದರೆ ರಸ್ತೆಗೆ ಇಳಿಯದೆ ಪ್ರದರ್ಶನಕ್ಕೆ ಮಾತ್ರ ಇಡುವ ಕಾರನ್ನು ತೆಗೆದುಕೊಳ್ಳಲು ನಿಮಗೆ ಏನು ಅಡ್ಡಿ? ಮಾಲೀಕರು ನೋಂದಣಿ ರದ್ದು ಮಾಡಿಸಿ ಒಪ್ಪಿಸುತ್ತಾರೆ. ಆ ಕಾಗದದ ಕೆಲಸಕ್ಕೆ ಸಾರಿಗೆ ಕಚೇರಿಯಿಂದ ಒಬ್ಬರನ್ನು ಗೊತ್ತುಮಾಡಿ, ಅಷ್ಟು ಸಾಕು.

ಹಳೆಯ ಗಾಡಿ ಹೊಗೆ ಉಗುಳುತ್ತದೆ, ಬ್ರೇಕ್ ನಂಬುವ ಹಾಗಿಲ್ಲ, ಸೀಟ್ ಬೆಲ್ಟ್ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುತ್ತೇನೆ. ಪಂಪ್‌ವೆಲ್‌ನ ಟ್ರಾಫಿಕ್‌ನಲ್ಲಿ ಅವು ದಿನಾ ಓಡಲಿ ಎಂದು ನಾನು ಕೇಳುತ್ತಿಲ್ಲ. ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು, ಪದ್ಮಿನಿ ಅದಕ್ಕಿಂತ ಎಷ್ಟೋ ಮೊದಲು ನಿಂತಿತ್ತು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಕಾರ್ಖಾನೆ 1996ಕ್ಕೆ ಮುಚ್ಚಿತು. ಈಗ ಅದೇ ಹೆಸರಿನಲ್ಲಿ ಬರುವ ಬೈಕು ಬೇರೆಯೇ ಬೈಕು. ಇರುವುದರಲ್ಲಿ ಒಂದೊಂದನ್ನು ಎತ್ತಿಡೋಣ ಎನ್ನುವುದಷ್ಟೇ ನನ್ನ ಮಾತು.

ಇನ್ನು ಅಡುಗೆಮನೆ. ನಮ್ಮ ಮನೆಗೆ ಮಿಕ್ಸಿ ಬಂದದ್ದು ಪಿಗ್ಮಿಯ ದುಡ್ಡಿನಲ್ಲಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಉಳಿತಾಯ ಅದು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಚಿಲ್ಲರೆ ಕಾಸು ತೆಗೆದುಕೊಂಡು ಹೋಗುತ್ತಿದ್ದರು. ಅಮ್ಮ ಸಾಸಿವೆ ಡಬ್ಬದಿಂದ ತೆಗೆದು ಕೊಡುತ್ತಿದ್ದದ್ದು ಒಂದು ರೂಪಾಯಿ, ಎರಡು ರೂಪಾಯಿ. ಅದು ಕೂಡಿ ಒಂದು ದಿನ ಸುಮೀತ್ ಮಿಕ್ಸಿ ಆಯಿತು. ಅದರ ಸದ್ದಿಗೆ ಪಕ್ಕದ ಮನೆಯವರೂ ನೋಡಲು ಬಂದಿದ್ದರು. ತೆಂಗಿನಕಾಯಿ ಇಲ್ಲದೆ ಒಂದು ಹೊತ್ತಿನ ಅಡುಗೆಯೂ ಆಗದ ನಾಡಿನಲ್ಲಿ, ಮೂರು ಹೊತ್ತು ಅರೆಯುವ ಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರಿಗೆ ಆ ಮಿಕ್ಸಿ ಎಷ್ಟು ಸಮಯ ಉಳಿಸಿತು ಯೋಚಿಸಿ. ಅಮ್ಮನ ಬಲ ಅಂಗೈಯ ದಪ್ಪ ಚರ್ಮ ನಿಧಾನಕ್ಕೆ ಮೆತ್ತಗಾಯಿತು. ಸಂಗ್ರಹಾಲಯಗಳಲ್ಲಿ ಅರೆಯುವ ಕಲ್ಲು ಬೇಕಾದಷ್ಟು ಇದೆ. ಆ ಕಲ್ಲಿನಿಂದ ಹೆಂಗಸರನ್ನು ಬಿಡಿಸಿದ ಯಂತ್ರಕ್ಕೆ ಮಾತ್ರ ಜಾಗ ಇಲ್ಲ, ಬೇಸರದ ಸಂಗತಿ ಅಲ್ವಾ? ಹಾಗೆಯೇ ಬತ್ತಿ ಸ್ಟವ್. ರೇಷನ್ ಸೀಮೆಎಣ್ಣೆಯ ಕ್ಯೂ, ಬತ್ತಿ ಕತ್ತರಿಸಿ ಸಮ ಮಾಡುವ ಕೆಲಸ, ನೀಲಿ ಜ್ವಾಲೆ ಬರುವ ತನಕ ತಿರುಗಿಸುವ ಆ ಸಣ್ಣ ಕೀಲಿ. ಗ್ಯಾಸ್ ಸಿಲಿಂಡರ್ ಮನೆಗೆ ಬಂದ ದಿನ ಆ ಸ್ಟವ್ ಬಚ್ಚಲಿಗೆ ಹೋಯಿತು, ಅಲ್ಲಿಂದ ಅಟ್ಟಕ್ಕೆ.

ರೇಡಿಯೋಗೆ ಲೈಸೆನ್ಸ್ ಬೇಕಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಸಣ್ಣ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕಿತ್ತು. ನಮ್ಮ ರೇಡಿಯೋದ ಜೊತೆ ಆ ಪುಸ್ತಕವೂ ಇದೆ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅದೇ ಪೆಟ್ಟಿಗೆಯಲ್ಲಿ ತುಳು ಕೇಳಿಸಿತು. ನಮ್ಮ ಮನೆಮಾತು ರೇಡಿಯೋದಿಂದ ಬಂದದ್ದಕ್ಕೆ ಅಜ್ಜಿ ಬಾಯಿಗೆ ಸೆರಗು ಮುಚ್ಚಿ ನಕ್ಕಿದ್ದರು.

ಎಲ್ಲಕ್ಕಿಂತ ಜಾಸ್ತಿ ನನಗೆ ಚಿಂತೆ ಇರುವುದು ಕ್ಯಾಸೆಟ್‌ಗಳ ಬಗ್ಗೆ. ಎಪ್ಪತ್ತರ ದಶಕದಿಂದ ನಮ್ಮ ಎಷ್ಟೋ ಮನೆಗಳ ಗಂಡಸರು ಗಲ್ಫಿಗೆ ಹೋದರು. ರಜೆಗೆ ಬರುವಾಗ ನ್ಯಾಷನಲ್ ಪ್ಯಾನಸೋನಿಕ್ ಟು-ಇನ್-ವನ್, ಅಂದರೆ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದರಲ್ಲೇ ಇರುವ ಪೆಟ್ಟಿಗೆ, ತರುತ್ತಿದ್ದರು. ಅದಕ್ಕೊಂದು ಕಸೂತಿ ಬಟ್ಟೆಯ ಹೊದಿಕೆ, ಚಾವಡಿಯ ಮೇಜಿನಲ್ಲಿ ಜಾಗ. ಅದರಲ್ಲಿ ಯಕ್ಷಗಾನದ ಕ್ಯಾಸೆಟ್ ಕೇಳಿದ್ದು ಎಲ್ಲರಿಗೂ ನೆನಪಿದೆ. ಆದರೆ ಅದೇ ಪೆಟ್ಟಿಗೆಯಲ್ಲಿ ಜನ ಪತ್ರ ಮಾತಾಡುತ್ತಿದ್ದರು. ಓದು ಬರಹ ಬಾರದ ತಾಯಂದಿರು ಮಗನಿಗೆ ಹೇಳಬೇಕಾದದ್ದನ್ನು ಖಾಲಿ ಕ್ಯಾಸೆಟ್ಟಿಗೆ ಹೇಳಿ, ಗಲ್ಫಿಗೆ ಹೊರಟವರ ಕೈಯಲ್ಲಿ ಕೊಡುತ್ತಿದ್ದರು. ಅಲ್ಲಿಂದ ಮಗನ ದನಿ ಇನ್ನೊಬ್ಬರ ಸೂಟ್‌ಕೇಸಿನಲ್ಲಿ ವಾಪಸ್ ಬರುತ್ತಿತ್ತು. ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಒಂದು ಕೆಂಪು. ಮೊದಲ ಅರ್ಧ ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ "ಎಂಚ ಉಲ್ಲ ಮಗಾ?" (ಹೇಗಿದ್ದೀಯ ಮಗಾ?) ಎಂದು ತುಳುವಿನಲ್ಲಿ ಶುರು. ದನ ಕರು ಹಾಕಿದ್ದು, ಬಾವಿಯ ನೀರು ಇಳಿದದ್ದು, ತಂಗಿಗೆ ಸಂಬಂಧ ಬಂದದ್ದು, ಯಾರು ತೀರಿಕೊಂಡರು. ಮಾತಿನ ಹಿಂದೆ ಕಾಗೆ, ಬಸ್ಸಿನ ಹಾರ್ನ್, ತೆಂಗಿನ ಮಡಲು ಬಿದ್ದ ಸದ್ದು.

ನನ್ನ ಅಣ್ಣ ಕುವೈತ್‌ನಲ್ಲಿದ್ದ. 1990ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಅವನ ಸುದ್ದಿಯೇ ಇರಲಿಲ್ಲ. ಫೋನ್ ಇಲ್ಲ, ಪತ್ರ ಇಲ್ಲ. ಸ್ವಲ್ಪ ಮೊದಲು ಬಂದಿದ್ದ ಅವನ ಕ್ಯಾಸೆಟ್ಟನ್ನು ಅಮ್ಮ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಕೇಳುತ್ತಿದ್ದರು. ಅದರಲ್ಲಿ ಅವನು ಹೇಳಿದ್ದು ವಿಶೇಷ ಏನಲ್ಲ. ಮೀನು ಸಿಗುತ್ತದೆ, ಆದರೆ ನಮ್ಮ ಬಂಗುಡೆಯ ರುಚಿ ಇಲ್ಲ ಎನ್ನುವಂಥ ಮಾತು. ಟೇಪ್ ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸುವ ಕೆಲಸ ಅಮ್ಮ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಅಣ್ಣ ಜೋರ್ಡಾನ್ ದಾರಿಯಾಗಿ, ಸರ್ಕಾರ ಕಳಿಸಿದ ವಿಮಾನದಲ್ಲಿ ವಾಪಸ್ ಬಂದ. ಕ್ಯಾಸೆಟ್ ಇನ್ನೂ ಇದೆ, ಟೇಪಿನ ಅಂಚಿಗೆ ಬಿಳಿ ಬೂಸ್ಟು ಬಂದಿದೆ.

ಇಂಥ ಕ್ಯಾಸೆಟ್‌ಗಳು ಎಷ್ಟು ಮನೆಗಳಲ್ಲಿ ಇರಬಹುದು! ಉಳ್ಳಾಲ, ಕಾಪು, ಮೂಲ್ಕಿ, ಕುಂದಾಪುರ, ಎಲ್ಲ ಕಡೆ. ಆ ಕಾಲದ ಸಾಮಾನ್ಯರು ತಮ್ಮದೇ ದನಿಯಲ್ಲಿ, ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡದಲ್ಲಿ ತಮ್ಮ ಬದುಕನ್ನು ಹೇಳಿಟ್ಟದ್ದು ಇಷ್ಟು ಬೇರೆ ಎಲ್ಲೂ ಸಿಗಲಾರದು. ಟೇಪಿನ ಮೇಲಿನ ಕಾಂತೀಯ ಪುಡಿಯ ಪದರ ತೇವಕ್ಕೆ ಸಡಿಲವಾಗುತ್ತದೆ. ಬೂಸ್ಟು ಹಿಡಿದದ್ದನ್ನು ಹಾಗೆಯೇ ಹಾಕಿ ಓಡಿಸಿದರೆ ಪುಡಿ ಟೇಪ್ ಓದುವ ಹೆಡ್ಡಿಗೆ ಅಂಟಿ ಅಲ್ಲಿಗೆ ಮುಗಿಯಿತು. ಗೊತ್ತಿದ್ದವರು ಒಣಗಿಸಿ, ನಿಧಾನವಾಗಿ ಸುತ್ತಿ, ಒಂದೇ ಸಲ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದಕ್ಕೆ ಎರಡು ಒಳ್ಳೆಯ ಕ್ಯಾಸೆಟ್ ಡೆಕ್, ತೇವ ಇಲ್ಲದ ಒಂದು ಕೋಣೆ, ತಾಳ್ಮೆ ಇರುವ ಇಬ್ಬರು ಬೇಕು. ಕೇಳಿಸುವ ಮೊದಲು ಮನೆಯವರ ಒಪ್ಪಿಗೆ ಬೇಕು. ಅದು ಅವರ ಮನೆಯೊಳಗಿನ ಮಾತು.

ಕಾರು, ಮಿಕ್ಸಿ ಇಲ್ಲದ ಮನೆಗಳೇ ಆಗ ಹೆಚ್ಚು. ಅವರ ವಸ್ತುಗಳೂ ಬರಬೇಕು. ಎಷ್ಟೋ ಹೆಣ್ಣುಮಕ್ಕಳು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟಿ ಮನೆ ನಡೆಸಿದರು, ತಮ್ಮಂದಿರನ್ನು ಓದಿಸಿದರು. ಆ ತಡ್ಪೆ, ಎಲೆ ಕತ್ತರಿಸುವ ತಗಡಿನ ಅಳತೆ, ಸವೆದ ಕತ್ತರಿ, ಬೀಡಿ ಬ್ರಾಂಚಿನ ಲೆಕ್ಕದ ಪುಸ್ತಕ, ಇವಕ್ಕೆ ಮೊದಲ ಸಾಲಿನಲ್ಲಿ ಜಾಗ ಕೊಡಿ. ಮೀನಿನವರ ಸೈಕಲ್ಲಿನ ರಬ್ಬರ್ ಹಾರ್ನ್ ಇರಲಿ. ಕೆಎ 19, ಕೆಎ 20 ಬರುವ ಮೊದಲಿನ ನಂಬರ್ ಪ್ಲೇಟ್, ಶಂಕರ ವಿಠಲ್, ಹನುಮಾನ್ ಬಸ್ಸುಗಳ ಟಿಕೆಟ್ ಸಿಕ್ಕಿದರೆ ಅವೂ ಇರಲಿ.

ಗಾಜಿನ ಪೆಟ್ಟಿಗೆಯಲ್ಲಿಟ್ಟು "ಮುಟ್ಟಬೇಡಿ" ಎಂದು ಬರೆದರೆ ಈ ವಸ್ತುಗಳಿಂದ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಅಂಬಾಸಿಡರ್‌ನ ಬಾಗಿಲು ಹಾಕಿದಾಗ ಬರುವ ಸದ್ದು ಕೇಳಬೇಕು. ಡಯಲ್ ಫೋನಿನ ತೂತಿಗೆ ಬೆರಳು ಹಾಕಿ ತಿರುಗಿಸಬೇಕು. ಆದ್ದರಿಂದ ಮೆಕ್ಯಾನಿಕ್‌ಗಳು ಬೇಕು. ಕಾರ್ಬೊರೇಟರನ್ನು ಕಿವಿಯಲ್ಲೇ ಕೇಳಿ ಟ್ಯೂನ್ ಮಾಡುವವರು, ವಾಲ್ವ್ ರೇಡಿಯೋದ ಡಯಲಿಗೆ ನೂಲು ಕಟ್ಟಬಲ್ಲವರು ಕಂಕನಾಡಿಯಲ್ಲೂ ಉಡುಪಿಯಲ್ಲೂ ಇನ್ನೂ ಕೆಲವರು ಇದ್ದಾರೆ. ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ, ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತಿದ್ದಾರೆ. ಅವರನ್ನು ಗೌರವಧನ ಕೊಟ್ಟು ವಾರಕ್ಕೊಮ್ಮೆ ಕರೆಸಿ. ಕದ್ರಿ ಗುಡ್ಡೆಯ ಐಟಿಐ, ಕೆಪಿಟಿ ಪಾಲಿಟೆಕ್ನಿಕ್ಕಿನ ಮಕ್ಕಳನ್ನು ಅವರ ಪಕ್ಕ ಕೂರಿಸಿ. ಅವರು ಕೆಲಸ ಮಾಡುವುದನ್ನು ವೀಡಿಯೋ ಮಾಡಿಡಿ.

ಜಾಗದ ಬಗ್ಗೆ ಎರಡು ಮಾತು. ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿ ಪಡೀಲಿನ ಹೊಸ ಕಟ್ಟಡಕ್ಕೆ ಹೋಗಿದೆ. ಸ್ಟೇಟ್‌ಬ್ಯಾಂಕ್ ಬಳಿಯ ಹಳೆಯ ಕಟ್ಟಡಗಳಲ್ಲಿ ಒಂದು ಹಾಲ್ ಕೊಟ್ಟರೆ ಬಸ್ಸಿನಿಂದ ಇಳಿದವರು ನಡೆದೇ ಬರಬಹುದು. ಅದು ಆಗದಿದ್ದರೆ ನದಿ ದಂಡೆಯ ಮುಚ್ಚಿದ ಹಂಚಿನ ಕಾರ್ಖಾನೆಗಳಲ್ಲಿ ಒಂದನ್ನು ನೋಡಿ. ಎತ್ತರದ ಮಾಡು, ಗಾಳಿ ಆಡುತ್ತದೆ, ಕಾರು ಒಳಗೆ ತರಬಹುದು. ಕ್ಯಾಸೆಟ್ ಕೋಣೆಯನ್ನು ಮಾತ್ರ ಬೇರೆಯಾಗಿ ಭದ್ರ ಮಾಡಬೇಕು. 1997ಕ್ಕೆ ಮೊದಲು ಎರಡೂ ಜಿಲ್ಲೆ ಒಂದೇ ಆಗಿತ್ತು. ಈ ವಸ್ತುಗಳೆಲ್ಲ ಆ ಅವಿಭಜಿತ ಜಿಲ್ಲೆಯವು. ಮಂಗಳೂರಿಗೋ ಉಡುಪಿಗೋ ಎಂದು ಎಳೆದಾಡದೆ ಇಬ್ಬರೂ ಜಿಲ್ಲಾಧಿಕಾರಿಗಳು ಒಟ್ಟಿಗೆ ಕುಳಿತು ತೀರ್ಮಾನ ಮಾಡಿ ಎಂದು ಬೇಡಿಕೊಳ್ಳುತ್ತೇನೆ.

ಕಟ್ಟಡ ಸಿಗಲು ಸಮಯ ಬೇಕಾದರೆ, ಅಲ್ಲಿಯ ತನಕ ಒಂದು ಕೆಲಸ ಮಾಡಬಹುದು. ಪಾಲಿಕೆಯ, ನಗರಸಭೆಯ ಒಂದೊಂದು ಕೌಂಟರಿನಲ್ಲಿ ಪುಸ್ತಕ ಇಡಿ. ಕೊಡಲು ಇಷ್ಟ ಇರುವವರು ವಸ್ತುವಿನ ಹೆಸರು, ವರ್ಷ, ಯಾರು ಬಳಸಿದ್ದು ಎಂದು ಬರೆಸಿ ಹೋಗಲಿ. ಮನೆ ಕೆಡವಲು ಅನುಮತಿ ಕೇಳಿ ಬಂದವರಿಗೆ ಆ ಪುಸ್ತಕದ ವಿಷಯ ತಿಳಿಸಿ. ನಮ್ಮ ಮನೆಯ ರೇಡಿಯೋ, ಅದರ ಲೈಸೆನ್ಸ್ ಪುಸ್ತಕ, ಅಮ್ಮನ ಮಿಕ್ಸಿ, ಟು-ಇನ್-ವನ್ ಕೊಡಲು ನಾನು ತಯಾರಿದ್ದೇನೆ. ಅಣ್ಣನ ಕ್ಯಾಸೆಟ್ ಇಳಿಸಿಕೊಳ್ಳಲು ಅವನೂ ಒಪ್ಪಿದ್ದಾನೆ. ಜೂನ್ ಮಳೆ ಹಿಡಿಯುವ ಮೊದಲು ನಿಮ್ಮಿಂದ ಉತ್ತರ ಬಂದರೆ ಒಣ ಹವೆಯಲ್ಲೇ ಎಲ್ಲವನ್ನೂ ಪ್ಯಾಕ್ ಮಾಡಿ ತಂದು ಒಪ್ಪಿಸುತ್ತೇನೆ.

ಇಂತಿ,
ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಒಬ್ಬ ನಾಗರಿಕ